ನನ್ನ ಹೆಸರಿನ ಪ್ರಾಣಿ

ನನ್ನ ಹೆಸರಿನ ಪ್ರಾಣಿಯೊಂದಿದೆ. ಮ್ಯೂಸಿಯಮ್ಮಿನ ಎರಡನೆಯ ಮಹಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಅದರ ತಲೆ ಇದೆ. ಕೆಳಗೆ ಹಿತ್ತಾಳೆಯ ಫಲಕ. ನನ್ನ ಹೆಂಡತಿ ಬಂಧುಬಳಗವನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿಯಾಗಿದೆ. "ಡೈನೋಸಾರ್ ಕಾಲದ್ದಂತೆ, ಆದ್ರೂ ಮುಖ ಥೇಟ್ ಭಾವಂದೇ" ಎಂದು ಅವಳ ತಮ್ಮ ನಕ್ಕಿದ್ದ. ನಗಲಿ ಬಿಡಿ. ಅಂಥ ಪ್ರಾಣಿ ಈ ಭೂಮಿಯ ಮೇಲೆ ಒಂದು ದಿನವೂ ಓಡಾಡಿಲ್ಲ. ಅದನ್ನು ಹುಟ್ಟಿಸಿದವನು ನಾನು, ಒಂದು ಮಧ್ಯಾಹ್ನ, ಊಟ ಮುಗಿಸಿ ಬಂದ ಮೇಲೆ.

ನನ್ನ ಕೆಲಸ ಕಲ್ಲಿನಿಂದ ಎಲುಬು ಬಿಡಿಸುವುದು. ಅಗೆಯುವವರು ಎಲುಬನ್ನು ಸುತ್ತಲಿನ ಕಲ್ಲಿನ ಸಮೇತ ಪ್ಲಾಸ್ಟರಿನಲ್ಲಿ ಸುತ್ತಿ ಕಳಿಸುತ್ತಾರೆ. ಅದನ್ನು ನಾವು ಮೂಟೆ ಅನ್ನುತ್ತೇವೆ. ಮೂಟೆ ಬಿಚ್ಚಿ, ಸೂಜಿ ಬ್ರಷ್ಷುಗಳಿಂದ ಚೂರು ಚೂರನ್ನೇ ಹೊರತೆಗೆದು, ಒಂದೊಂದರ ಮೇಲೂ ಆ ಮೂಟೆಯ ನಂಬರು ಬರೆಯಬೇಕು. ಒಂದು ಮೂಟೆಯ ಕೊನೆಯ ಚೂರಿಗೆ ನಂಬರು ಬೀಳುವ ತನಕ ಅದೇ ಮೇಜಿನ ಮೇಲೆ ಇನ್ನೊಂದನ್ನು ಬಿಚ್ಚುವಂತಿಲ್ಲ. ಹೊಸಬರಿಗೆಲ್ಲ ಈ ಪಾಠ ಹೇಳುವವನು ನಾನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಆ ದಿನ ಎರಡು ಮೂಟೆ ಬಿಚ್ಚಿ, ಒಂದೊಂದರ ಚೂರುಗಳನ್ನು ಒಂದೊಂದು ತಟ್ಟೆಯಲ್ಲಿಟ್ಟಿದ್ದೆ. ಬೇಗ ಮುಗಿಸುವ ಆತುರ, ಜೊತೆಗೆ ಮೂವತ್ತು ವರ್ಷ ಪಳಗಿದ ಕೈ ಎಂಬ ಕೊಬ್ಬು. ದೀಪ ಸರಿಸಲು ಹೋದಾಗ ಮೊಣಕೈ ತಗುಲಿ ಎರಡು ತಟ್ಟೆಗಳೂ ನೆಲಕ್ಕೆ ಬಿದ್ದವು. ಹೆಚ್ಚಿನ ಚೂರುಗಳಿಗೆ ನಂಬರಿತ್ತು. ಅಂಗೈಯುದ್ದದ ಒಂದು ಕೆಳದವಡೆಗೆ ಇರಲಿಲ್ಲ. ಯಾವ ತಟ್ಟೆಯಲ್ಲಿತ್ತು ಅದು? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಒಂದು ತಟ್ಟೆಯ ತಲೆಬುರುಡೆಗೆ ಹಿಡಿದು ನೋಡಿದೆ, ಹೇಳಿ ಮಾಡಿಸಿದ ಹಾಗೆ ಕೂತಿತು. ಕೂತದ್ದೆಲ್ಲ ಅದರದ್ದೇ ಆಗಬೇಕಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಪೆನ್ನು ತೆಗೆದು ನಂಬರು ಬರೆದುಬಿಟ್ಟೆ. ಬರೆದ ನಂಬರನ್ನು ನಮ್ಮಲ್ಲಿ ಯಾರೂ ಪ್ರಶ್ನಿಸುವುದಿಲ್ಲ.

ಎಲುಬು ನೋಡಿ ಇದು ಇಂಥ ಪ್ರಾಣಿ ಎಂದು ಗುರುತಿಸುವವರು ನಮ್ಮ ಮುಖ್ಯಸ್ಥೆ. ಅವರನ್ನು ಎಲ್ಲರೂ ಡಾಕ್ಟರಮ್ಮ ಅನ್ನುತ್ತೇವೆ. ಆ ಬುರುಡೆಯ ಮೇಲ್ಹಲ್ಲುಗಳು ಯಾವತ್ತೋ ಉದುರಿದ್ದವು. ತಲೆ ನೋಡಿದರೆ ಮಾಂಸ ತಿನ್ನುವ ಪ್ರಾಣಿ, ದವಡೆಯಲ್ಲಿದ್ದದ್ದು ಸೊಪ್ಪು ಅಗಿಯುವ ಹಲ್ಲು. "ಇಂಥದ್ದನ್ನ ಇವತ್ತಿನವರೆಗೆ ಯಾರೂ ನೋಡಿಲ್ಲ ಕಣ್ರೀ!" ಎಂದು ಡಾಕ್ಟರಮ್ಮ ನನ್ನ ಕೈ ಹಿಡಿದು ಕುಲುಕಿದರು. ಯಾರಾದರೂ ಹೇಗೆ ನೋಡಿಯಾರು?

ಅವರ ಕೈಕೆಳಗೆ ಒಬ್ಬಳು ಸಂಶೋಧನೆ ಮಾಡುತ್ತಿದ್ದಳು. ಮಾತೆತ್ತಿದರೆ 'ಯಾಕೆ' ಅನ್ನುತ್ತಿದ್ದಳು, ಅದಕ್ಕೆ ಯಾಕಮ್ಮ ಎಂದು ಹೆಸರಿಟ್ಟಿದ್ದೆವು. ಅವಳು ದವಡೆಯದೂ ಬುರುಡೆಯದೂ ಒಂದೊಂದು ಚೂರನ್ನು ಕಾಗದದಷ್ಟು ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿ ನೇರ ನನ್ನ ಮೇಜಿಗೆ ಬಂದಳು.

"ಅಣ್ಣಾ, ಈ ದವಡೆ ಆ ತಲೇದೇನಾ?"

"ನಂಬರ್ ನೋಡು ತಾಯಿ."

"ನಂಬರ್ ನೋಡಿದೆ. ನಿಮ್ಮನ್ನ ಕೇಳ್ತಿದೀನಿ."

"ನೀನು ಹುಟ್ಟೋಕೆ ಮುಂಚಿನಿಂದ ಇದೇ ಕೆಲಸ ಮಾಡ್ತಿದೀನಿ" ಅಂದೆ. ಸಿಟ್ಟು ಬಂದವನ ಹಾಗೆ ನಟಿಸಿದೆ. ಅವಳು ಹೊರಟುಹೋದಳು.

ಮರುದಿನ ಸಭೆಯಲ್ಲಿ ಎದ್ದು ನಿಂತು ಹೇಳಿದಳು: ದವಡೆಯ ಎಲುಬು ಇನ್ನೂ ಬೆಳೆಯುತ್ತಿದ್ದ ಮರಿಯದು, ತಲೆ ಬೆಳೆದು ಮುದಿಯಾದದ್ದರದು, ಎರಡೂ ಒಂದೇ ಪ್ರಾಣಿಯವಾಗಲು ಸಾಧ್ಯವಿಲ್ಲ. "ಅಜ್ಜನಿಗೆ ಮೊಮ್ಮಗನ ಹಲ್ಲುಸೆಟ್ಟು!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆಗೆ ಸಭೆಯೇ ನಕ್ಕಿತು. ಡಾಕ್ಟರಮ್ಮ ಮಾತ್ರ ನಗದೆ ನನ್ನ ಕಡೆ ತಿರುಗಿ, "ಬಿಡಿಸಿದವರು ನೀವು. ನೀವೇನಂತೀರಿ?" ಎಂದರು.

"ಒಂದೇ ಮೂಟೇದು" ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸದೆ ನಾನೂ ನಕ್ಕೆ.

ಯಾಕಮ್ಮ ಮೊದಲು ನನ್ನನ್ನು, ಆಮೇಲೆ ತನ್ನ ಕೈಯಲ್ಲಿದ್ದ ಸ್ಲೈಡನ್ನು ನೋಡಿ ಕೂತಳು. ಅಂದಿನಿಂದ ಅವಳು ಯಾಕೆ ಎಂದದ್ದನ್ನು ನಾನು ಕೇಳಲಿಲ್ಲ. ನಾಲ್ಕು ತಿಂಗಳಿಗೆ ಕೆಲಸ ಬಿಟ್ಟಳು. ಇತ್ತ ಡಾಕ್ಟರಮ್ಮ ತಮ್ಮ ಲೇಖನ ಪ್ರಕಟಿಸಿ, ಇವರ ಕೈ ಇಲ್ಲದಿದ್ದರೆ ಈ ತಲೆ ಕಲ್ಲಲ್ಲೇ ಇರುತ್ತಿತ್ತು ಎಂದು ಹೊಸ ಪ್ರಾಣಿಗೆ ನನ್ನ ಹೆಸರಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕಳೆದೆ. ಹೋದ ವಾರ, ಆ ಎರಡು ಮೂಟೆ ಬಂದಿದ್ದ ಗುಡ್ಡದಿಂದಲೇ ಇನ್ನೊಂದು ತಲೆ ಬಂತು, ಈ ಸಲ ದವಡೆ ಕಚ್ಚಿಕೊಂಡೇ ಇತ್ತು. ಬಿಡಿಸಿದವನೂ ನಾನೇ. ಬುರುಡೆ ಅದೇ ಜಾತಿಯದು. ಹಲ್ಲುಗಳು ಚಾಕುವಿನಂಥವು, ಪೂರಾ ಮಾಂಸಾಹಾರಿ. ಅದನ್ನು ಬಚ್ಚಿಡುವಷ್ಟು ನೀಚನಾಗಿರಲಿಲ್ಲ. ಡಾಕ್ಟರಮ್ಮನನ್ನು ಕರೆದು ತೋರಿಸಿ, ತಟ್ಟೆ ಬಿದ್ದ ಕತೆಯನ್ನೂ ಹೇಳಿದೆ.

ಅವರು ಸ್ಟೂಲಿನ ಮೇಲೆ ಕುಸಿದು ಕೂತರು. "ತಪ್ಪಾಯ್ತು ಅಂತ ನಾನೇ ಬರೀತೀನಿ. ನಿಮ್ಮ ಹೆಸರೂ ಹೋಗುತ್ತೆ" ಎಂದರು.

"ಹೋಗಲಿ ಅಮ್ಮ."

"ಆ ಹುಡುಗಿ ಬಾಯಿ ಮುಚ್ಚಿಸಿದೆನಲ್ಲ ನಾನು."

"ಮುಚ್ಚಿಸಿದ್ದು ನಾನು. ನಾನೇ ಹೋಗಿ ಹೇಳ್ತೀನಿ" ಅಂದೆ.

ಅವಳು ಈಗ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದಾಳೆ. ನಾನು ಹೋದಾಗ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಿದ್ದಳು. ನನ್ನನ್ನು ಕಂಡು, "ಕೂತ್ಕೊಳ್ಳಿ ಅಣ್ಣಾ, ಇದೊಂದು ಮುಗಿಸ್ತೀನಿ" ಎಂದು ಪಕ್ಕದ ಮೇಜಿನವಳನ್ನು ಕರೆದಳು. "ಸ್ವಲ್ಪ ನೋಡೇ, ನನಗೆ ಕಾಣ್ತಿರೋದೇ ನಿನಗೂ ಕಾಣ್ತಿದೆಯಾ?"

ಆಕೆ ಬಗ್ಗಿ ನೋಡಿ, "ಸರಿಯಾಗೇ ಇದೆ ಕಣೆ. ದಿನಕ್ಕೆ ಇಪ್ಪತ್ತು ಸಲ ಕೇಳ್ತೀಯ, ಒಂದು ದಿನಾನಾದ್ರೂ ನೀನು ತಪ್ಪಿದ್ದುಂಟಾ?" ಎಂದು ಗೊಣಗಿ ಹೋದಳು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಕೈಕೊಟ್ಟವು. ಬಂದ ಹಾಗೆ ಹೇಳಿದೆ: ದವಡೆ ಬೇರೆಯದೇ, ತಟ್ಟೆ ಬೀಳಿಸಿದ್ದು ನಾನು, ನೀನು ಹೇಳಿದ್ದೇ ನಿಜ.

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಆವತ್ತು ನೀವೂ ನಕ್ಕಿರಲ್ಲ. ನಗುವಾಗ ನಿಮಗೆ ಗೊತ್ತಿತ್ತಾ ಅಣ್ಣಾ?"

ಅನುಮಾನ ಇತ್ತು ಅನ್ನಬಹುದಿತ್ತು. ಅದೂ ಪೂರ್ತಿ ಸುಳ್ಳಲ್ಲ.

"ಗೊತ್ತಿತ್ತು" ಅಂದೆ.

ಅವಳು ತಿರುಗಿ ಪಕ್ಕದ ಮೇಜಿನವಳನ್ನು ಮತ್ತೆ ಕರೆದಳು.

"ಇಲ್ಲಿ ಬಾರೇ. ಇವರು ಏನೋ ಹೇಳಿದ್ರು. ನನಗೆ ಕೇಳಿಸಿದ್ದು ಸರಿನಾ ಅಂತ ನೀನೂ ಒಂದ್ಸಲ ಕೇಳು. ಅಣ್ಣಾ, ಇವಳ ಮುಂದೆ ಇನ್ನೊಂದ್ಸಲ ಹೇಳ್ತೀರಾ?"

ನಾನು ಎದ್ದು ನಿಂತು ಮೊದಲಿನಿಂದ ಹೇಳತೊಡಗಿದೆ.