ಬೆನ್ನ ಮೇಲಿನ ತೇಪೆ

ನರಸಣ್ಣ ಗಂಟು ಬಿಚ್ಚಿ ಅಂಗಿಗಳನ್ನು ಸುರಿದದ್ದೇ ತಡ, ಅಮರೇಶ್ವರಿ ಕೈಯಲ್ಲಿದ್ದ ಬಣ್ಣದ ಸ್ಪಂಜನ್ನು ಕೆಳಗಿಟ್ಟಳು. ಎಲ್ಲವೂ ಗಂಡಸರ ತುಂಬುತೋಳಿನ ಅಂಗಿಗಳು. ಭತ್ತದ ನಾಟಿಗೆ ಹೋಗುವ ಹೆಂಗಸರು ಸೀರೆಯ ಮೇಲೆ ತೊಡುವಂಥವು. ಒಂದೊಂದರ ಬೆನ್ನಿಗೂ ಅವಳೇ ಹೊಲಿದುಕೊಟ್ಟ ತೇಪೆ. ತೇಪೆಯಲ್ಲಿ ಅವಳ ಅಕ್ಕ ಪಕೀರಮ್ಮನ ಮುಖ, ಅದರ ಕೆಳಗೆ 'ನಮಗ ಬಸ್ ಬೇಕು' ಎಂಬ ಬರಹ.

"ಇವನ್ನೆಲ್ಲ ಬಿಚ್ಚಿ ಕೊಡಬೇಕವ್ವ," ಎಂದ ನರಸಣ್ಣ. "ನಾಳಿಗೆ ಜವಳಗೇರಾದಾಗ ಅಮರಗುಂಡಪ್ಪ ಸಾವುಕಾರ್ರ ಗದ್ದಿ ನಾಟಿ ಐತಿ. ಸತ್ತಾಕಿನ್ನ ಬೆನ್ನಿಗೆ ಹಚ್ಕೊಂಡು ನನ್ನ ಗದ್ದಿಗೆ ಇಳಿಬ್ಯಾಡ್ರಿ ಅಂದಾರ."

"ಸತ್ತಾಕಿ ನಿನಗ ಏನಾಗಬೇಕು, ಮಾವ?"

ನರಸಣ್ಣ ಬೀದಿಯ ಕಡೆ ನೋಡಿದ. ಪಕೀರಮ್ಮ ಅವನ ಹೆಂಡತಿ. ಹೋದ ಮುಂಗಾರಿನಲ್ಲಿ ಹೆಣ್ಣಾಳುಗಳನ್ನು ಒಬ್ಬರ ಮೇಲೊಬ್ಬರಂತೆ ತುಂಬಿಕೊಂಡು ಮಸ್ಕಿಯಿಂದ ಹೊರಟ ಟಂಟಂ ಆಟೋ ಕಾಲುವೆಯ ಏರಿಯ ಮೇಲೆ ಮಗುಚಿ ಅವಳು ಅದರ ಅಡಿಗೆ ಸಿಕ್ಕು ಸತ್ತಿದ್ದಳು. ಆಳು ಕೂಡಿಸುವ ಮೇಸ್ತ್ರಿ ನರಸಣ್ಣನೇ. ಅವತ್ತು ಗಾಡಿಗೆ ಕೈಕೊಟ್ಟು ಅವಳನ್ನು ಹತ್ತಿಸಿದವನೂ ಅವನೇ.

ಅಮರೇಶ್ವರಿಯದು ಬಟ್ಟೆಗೆ ತೇಪೆ ಮಾಡುವ ಕಸುಬು. ಹರಿದ ಜೀನ್ಸಿನ ಮೊಣಕಾಲಿಗೆ ನವಿಲು, ಸುಟ್ಟ ಕುಪ್ಪಸದ ತೋಳಿಗೆ ಮಲ್ಲಿಗೆ ಬಳ್ಳಿ, ಶಾಲೆಯ ಮಕ್ಕಳ ಚೀಲಕ್ಕೆ ಹುಲಿ. ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಅಚ್ಚು ಕೊರೆದು, ದಪ್ಪ ಬಟ್ಟೆಯ ಮೇಲಿಟ್ಟು ಬಣ್ಣ ಒತ್ತಿ, ಕೊನೆಗೆ ಕುಂಚದಲ್ಲಿ ಕಣ್ಣು ತಿದ್ದುತ್ತಿದ್ದಳು. ಅಕ್ಕನದೆಂದು ಮನೆಯಲ್ಲಿದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ. ಅದರಲ್ಲಿ ಪಕೀರಮ್ಮ ಪೊಲೀಸರಿಗೆ ಹೆದರಿದವಳಂತೆ ಕಾಣುತ್ತಿದ್ದಳು. ಆ ಹೆದರಿಕೆಯನ್ನು ಕಳೆದು ಅಕ್ಕನನ್ನು ಅಕ್ಕನಂತೆ ಕೊರೆಯುವಷ್ಟರಲ್ಲಿ ಎಷ್ಟೋ ಹಾಳೆಗಳು ಹಾಳಾಗಿದ್ದವು. ಕೊನೆಗೆ ಸರಿಯಾಗಿ ಬಂದದ್ದು ಖಾಸಿಂಬೀಯ ಮುರಿದ ಭುಜದ ಎಕ್ಸ್‌ರೇಯಲ್ಲಿ. ಅವಳೂ ಅದೇ ಗಾಡಿಯಲ್ಲಿದ್ದವಳು.

ಆ ಅಂಗಿ ತೊಟ್ಟು ಹೆಂಗಸರೆಲ್ಲ ಲಿಂಗಸುಗೂರಿಗೆ ಹೋಗಿ, ದೊಡ್ಡ ಸಾಹೇಬರೊಬ್ಬರ ಮುಂದೆ ಏನೂ ಮಾತಾಡದೆ ಬೆನ್ನು ತಿರುಗಿಸಿ ನಿಂತಿದ್ದರು. ಸಾಹೇಬರು ಓದಿದರು, ನೋಡೋಣ ಎಂದರು. ಬಸ್ಸು ಬರಲಿಲ್ಲ. ಆದರೂ ಹೆಂಗಸರು ಅಂಗಿ ಬದಲಿಸಲಿಲ್ಲ. ಮುಂಗಾರಿನ ಕಳೆ, ಕೊಯ್ಲು ಎಲ್ಲಕ್ಕೂ ಪಕೀರಮ್ಮ ಅವರ ಬೆನ್ನ ಮೇಲೇ ಬಿಸಿಲು ಕಂಡಳು.

"ಅವರ ಅಂಗಿ ಕಸ್ಕೊಂಡು ಬಂದಿಯೇನು?" ಎಂದು ಅಮರೇಶ್ವರಿ ಕೇಳಿದಳು.

"ನಾ ಯಾಕ ಕಸ್ಕೊಳ್ಲಿ? ತಾವಾಗೇ ಕೊಟ್ಟಾರ. ಹೋಗಿ ಕೇಳು."

ಅವಳು ಹೋದಳು. ಖಾಸಿಂಬೀ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹೌದವ್ವ, ನಾನೇ ಮೊದಲು ಕೊಟ್ಟೀನಿ. ನಾವು ಬರಲಿಲ್ಲಂದ್ರ ನಾಟಿ ಮಿಷನ್ ತರಸ್ತಾನಂತ ಸಾವುಕಾರ."

"ಆಸ್ಪತ್ರ್ಯಾಗ ನೀ ಏನಂದಿದ್ದಿ ಅಕ್ಕಾ? ಬಸ್ಸು ಬರೋತನಕ ಬಿಚ್ಚಂಗಿಲ್ಲ ಅಂದಿದ್ದಿ."

"ಅಂದಿದ್ದೆ. ಈಗೂ ಬೆನ್ನಿಗೆ ಹಚ್ಕೊಂಡು ಅಡ್ಡಾಡಾಕ ನಾ ತಯಾರ್ ಅದೀನಿ. ಹೊಟ್ಟಿಗೆ ಯಾರ ಮುಖ ಹಚ್ಲಿ ಹೇಳು." ಖಾಸಿಂಬೀ ಮೊರದ ಅಕ್ಕಿಯನ್ನು ಒಮ್ಮೆ ಕೇರಿದಳು. "ನಿಂದು ನೆಳ್ಳಾಗ ಕುಂತು ಮಾಡೋ ಕೆಲಸ. ಸಿಟ್ಟು ನಿನಗ ಚೆಂದ."

ಅಮರೇಶ್ವರಿ ಬಂದ ದಾರಿಯಲ್ಲೇ ತಿರುಗಿದಳು. ಮನೆಗೆ ಬಂದು ಬ್ಲೇಡು ಹಿಡಿದು ಕೂತಳು. ಬೇಗ ಹರಿಯಬಾರದೆಂದು ತಾನೇ ಹಾಕಿದ್ದ ಇಮ್ಮಡಿ ಹೊಲಿಗೆ ಈಗ ಬೆರಳು ಕೊಯ್ಯುತ್ತಿತ್ತು. ಕೆಲವು ತೇಪೆಗಳ ಮೂಲೆಗಳನ್ನು ಹೆಂಗಸರೇ ಹಲ್ಲಿನಿಂದ ಕಚ್ಚಿ ಎಳೆದಿದ್ದರು. ನರಸಣ್ಣ ಎದುರಿಗೇ ಕುಕ್ಕುರುಗಾಲಲ್ಲಿ ಕೂತು, ಬಿಚ್ಚಿ ಬಿದ್ದವುಗಳನ್ನು ಒಂದರ ಮೇಲೊಂದು ಜೋಡಿಸುತ್ತ ಹೋದ. ಮುಖ ಕಾಣದಂತೆ ಬೋರಲಾಗಿಯೇ ಇಡುತ್ತಿದ್ದ.

ಎಲ್ಲ ಮುಗಿದ ಮೇಲೆ ಅವನು ಒಂದು ಅಂಗಿಯನ್ನು ಬೆಳಕಿಗೆ ಹಿಡಿದ. ಸುತ್ತಲ ಬಟ್ಟೆ ಬಿಸಿಲಿಗೆ ಬಿಳಿಚಿಕೊಂಡಿತ್ತು. ತೇಪೆ ಇದ್ದಷ್ಟು ಚೌಕ ಮಾತ್ರ ಅಂಗಡಿಯಿಂದ ತಂದ ದಿನದಂತೆ ಕಡುನೀಲಿ.

"ಇದೂ ಕಾಣತೈತಿ. ಸಾವುಕಾರ್ರಿಗೆ ಗೊತ್ತಾಗತೈತಿ."

"ಗೊತ್ತಾಗಲಿ."

"ಹಂಗನಬ್ಯಾಡ ಅಮರೇಶಿ. ಇದರ ಮ್ಯಾಲ ಏನಾರ ಹಚ್ಚು. ಅವರ ಮಿಲ್ಲಿನ ಗುರುತು ಭತ್ತದ ತೆನಿ ಐತಲ್ಲ, ಅದನ್ನ ಹಚ್ಚಿದ್ರ ಖುಷಿಯಾಗ್ತಾರ." ಅಂಗಿಯನ್ನು ಮಡಿಚಿಡುತ್ತ, "ನನಗೇನು ಸಂಕಟ ಇಲ್ಲ ಅಂತ ತಿಳಕೊಂಡಿಯೇನು?" ಎಂದ.

ಅವಳು ಬೈಯಬೇಕೆಂದಿದ್ದಳು, ಆದರೆ ಬಾಯಲ್ಲಿ ಖಾಸಿಂಬೀಯ ಮಾತೇ ತಿರುಗುತ್ತಿತ್ತು. ಎದ್ದು ಹೊಸ ಹಾಳೆಯೊಂದನ್ನು ತೆಗೆದಳು. ತೆನೆ ಕೊರೆಯುವುದು ಎಷ್ಟು ಸಲೀಸಾಗಿತ್ತೆಂದರೆ ಅವಳಿಗೆ ತನ್ನ ಕೈಯ ಮೇಲೆಯೇ ಹೇಸಿಗೆಯಾಯಿತು. ಅಳತೆ ಇಲ್ಲ, ಅಳಿಸಿ ತಿದ್ದುವುದೂ ಇಲ್ಲ. ನಾಲ್ಕು ಗೀರು, ಕಾಳುಗಳು, ಒಂದು ಕಾಂಡ. ಸಂಜೆಯ ಹೊತ್ತಿಗೆ ಹಗ್ಗದ ಮೇಲೆ ಸಾಲಾಗಿ, ಅಂಗಿಗಳ ಬೆನ್ನಿಗೇ ಒತ್ತಿದ ಹಸಿರು ತೆನೆಗಳು ತೂಗಿದವು. ನರಸಣ್ಣ ಚೆಂದ ಬಂದಾವ ಎಂದ.

ಬೆಳಗಿನ ಮಂಜಿನಲ್ಲಿ ಅಂಗಿಗಳನ್ನು ಅವಳೇ ಟಂಟಂ ನಿಲ್ಲುವ ಕಡೆಗೆ ಒಯ್ದಳು. ಬಣ್ಣ ಇನ್ನೂ ಪೂರ್ತಿ ಆರಿರಲಿಲ್ಲ. ಹೆಂಗಸರು ಅವಳ ಮುಖ ನೋಡದೆ ತೊಟ್ಟುಕೊಂಡರು. ಗಾಡಿ ತುಂಬಿತು, ಆಮೇಲೂ ನರಸಣ್ಣ, "ಸರಕೊಳ್ಳ್ರಿ, ಇನ್ನೊಬ್ಬಾಕಿ ಅದಾಳ," ಎಂದ. ಮೊನ್ನೆ ಮದುವೆಯಾಗಿ ಬಂದ ಸೊಸೆಯೊಬ್ಬಳು ಅತ್ತೆಯ ಅಂಗಿ ತೊಟ್ಟು ಹಿಂದಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಮೊಣಕೈತನಕ ಹಸಿರು ಬಳೆ. ಹಿಡಿದುಕೊಳ್ಳಲು ಏನೂ ಇಲ್ಲ.

ಗಾಡಿ ಸಿಂಧನೂರು ರಸ್ತೆಗೆ ತಿರುಗುವಾಗ ಜೋಲಿ ಹೊಡೆಯಿತು. ಖಾಸಿಂಬೀ ಒಳಗಿನಿಂದ ಕೈ ಚಾಚಿ, ಆ ಹುಡುಗಿಯ ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಹಸಿ ತೆನೆ ಅವಳ ಬೆರಳುಗಳ ನಡುವೆ ಮುದ್ದೆಯಾಯಿತು. ರಸ್ತೆ ನೆಟ್ಟಗಾದ ಮೇಲೂ ಅವಳು ಬಿಡಲಿಲ್ಲ.