ಬಾಗಿಲು ಒಳಗಿನಿಂದ ತೆರೆಯುತ್ತದೆಯೇ?

ಮಗಳು ಅರ್ಜಿಯನ್ನು ಮೇಜಿನ ಮೇಲಿಟ್ಟಳು. ಇಸ್ತ್ರಿ ಅಂಗಡಿಯ ಅಮ್ಮನ ಕೈ ನಿಂತಲ್ಲೇ ನಿಂತಿತು. ಪೆಟ್ಟಿಗೆಯಡಿ ಯಾರದೋ ಅಂಗಿಯ ತೋಳು ಕಮರಿತು.

"ಆರು ತಿಂಗಳು ವೈರಿಂಗ್ ತರಬೇತಿ, ಆಮೇಲೆ ಮೂರು ತಿಂಗಳು ಆಸ್ಪತ್ರೇಲಿ ಕರೆಂಟ್ ಕೆಲಸದ ಇಂಟರ್ನ್‌ಶಿಪ್. ಪೂರ್ತಿ ಪುಕ್ಕಟೆ ಅಮ್ಮಾ. ನಾಳೆನೇ ಕೊನೇ ದಿನ," ಎಂದಳು ಇಪ್ಪತ್ತರ ಮಗಳು.

"ಪುಕ್ಕಟೆ ಅಂದೋರ ಬಾಯಿಗೆ ಬೆಂಕಿ ಹಾಕ! ನಿಮ್ಮ ಚಿಕ್ಕಮ್ಮಂಗೂ ಹಿಂಗೇ ಅಂದಿದ್ರು."

ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಹತ್ತು ವರ್ಷದ ಹಿಂದೆ ತರಬೇತಿಯೆಂದು ವ್ಯಾನು ಹತ್ತಿಸಿದವರು ಮೊದಲ ದಿನವೇ ಚಿಕ್ಕಮ್ಮನ ಮೂಲ ಅಂಕಪಟ್ಟಿಯನ್ನೂ ಫೋನನ್ನೂ ಇಸಿದುಕೊಂಡಿದ್ದರು. ಕಲಿಸಿದ್ದು ಸೊನ್ನೆ. ಹೊರಗಿನಿಂದ ಚಿಲಕ ಹಾಕಿದ ಶೆಡ್ಡಿನಲ್ಲಿ ಎಂಟು ತಿಂಗಳು ಡಬ್ಬಗಳಿಗೆ ಸೋಪಿನ ಪುಡಿ ತುಂಬಿಸಿದರು. ಇವತ್ತಿಗೂ ಆಕೆ ಮಲಗುವ ಕೋಣೆಯ ಬಾಗಿಲು ಮುಚ್ಚಲು ಬಿಡುವುದಿಲ್ಲ.

ಅಷ್ಟರಲ್ಲಿ ಇಸ್ತ್ರಿ ಮಾಡಿದ ಬಟ್ಟೆ ಒಯ್ಯಲು ಬೀದಿಯ ನರ್ಸಕ್ಕ ಬಂದಳು. "ಏನ್ರೀ ಇದು, ಸುಟ್ಟ ವಾಸನೆ! ನನ್ನ ಕೋಟು ತಾನೆ?"

"ನಿಮ್ದಲ್ಲ ಬಿಡಿ. ಸುಡ್ತಿರೋದು ನನ್ನ ಹೊಟ್ಟೆ."

ಚಿಕ್ಕಮ್ಮನ ಕತೆ ಬಲ್ಲ ನರ್ಸಕ್ಕ ಅರ್ಜಿಯನ್ನು ಎರಡು ಸಲ ಓದಿದಳು. "ನಿಮ್ಮ ಹೆದರಿಕೆ ನ್ಯಾಯವಾದದ್ದೇ ಅಕ್ಕಾ. ಅದನ್ನೂ ಜೊತೇಲಿ ಕರ್ಕೊಂಡೇ ಹೋಗಿ, ಜಾಗ ನೋಡಿ. ಜೆರಾಕ್ಸ್ ಕೊಡಿ, ಮೂಲ ಪತ್ರ ತೋರ್ಸಿ ವಾಪಸ್ ಇಸ್ಕೊಳ್ಳಿ. ಏನು ಕಲಿಸ್ತೀರಿ, ದಿನಕ್ಕೆ ಎಷ್ಟು ಗಂಟೆ, ಇಂಟರ್ನ್‌ಶಿಪ್‌ನಲ್ಲಿ ಭತ್ಯೆ ಉಂಟೋ ಇಲ್ವೋ, ಎಲ್ಲಾ ಬರವಣಿಗೇಲಿ ಕೇಳಿ. ಠೇವಣಿ ಅಂತ ಬಿಡಿಗಾಸು ಕೇಳಿದ್ರೂ ಎದ್ದು ಬನ್ನಿ."

"ಮತ್ತೆ ಬಾಗಿಲು?" ಎಂದಳು ಅಮ್ಮ.

"ಅದನ್ನ ನೀವೇ ನೋಡ್ಬೇಕು."

ಮರುದಿನ ಸರ್ಕಾರಿ ತರಬೇತಿ ಕೇಂದ್ರದಲ್ಲಿ ಮೂಲ ಪತ್ರಗಳು ನೋಡಿದ ಕೈಯಿಂದಲೇ ವಾಪಸು ಬಂದವು. ಕೇಳಿದ್ದೆಲ್ಲ ಬರವಣಿಗೆಯಲ್ಲಿ ಸಿಕ್ಕಿತು. ಆದರೂ ಅಮ್ಮನ ಎದೆ ಹಗುರಾಗಲಿಲ್ಲ. ಎದುರಿಗೇ ಈಗಿನ ತಂಡದ ತರಗತಿ ನಡೆಯುತ್ತಿತ್ತು. ಯಾರೋ ಒಳಗಿನಿಂದ ಅದರ ಬಾಗಿಲು ಎಳೆದುಕೊಂಡರು. ಅಮ್ಮ ಓಡಿಹೋಗಿ ದೂಡಿದಳು. ಇಪ್ಪತ್ತು ಮುಖಗಳು ತಿರುಗಿದವು.

"ಯಾಕೆ ಮುಚ್ಚಿದ್ರಿ?"

"ಹೊರಗೆ ಡ್ರಿಲ್ಲಿನ ಸದ್ದು ಅಮ್ಮಾ," ಎಂದಳು ಕಲಿಸುವಾಕೆ, ಕೈಯಲ್ಲಿ ಟೆಸ್ಟರು. "ಬೇಕಾದೋರು ಯಾವಾಗ ಬೇಕಾದ್ರೂ ತೆಗೀಬಹುದು."

"ಅಮ್ಮಾ, ಮಾನ ಕಳೀಬೇಡ," ಎಂದು ಮಗಳು ಸೆರಗು ಜಗ್ಗಿದಳು.

"ಮಾನ ಆಮೇಲೆ. ಸುಮ್ನಿರು."

ಅಮ್ಮ ಒಳಗೆ ನಿಂತು ತಾನೇ ಬಾಗಿಲು ಮುಚ್ಚಿದಳು. ತಂಗಿ ಎಂಟು ತಿಂಗಳು ನೋಡಿದ್ದು ಇಂಥದ್ದೇ ಒಂದು ಬಾಗಿಲನ್ನು. ಹಿಡಿ ತಿರುಗಿಸಿದಳು. ತೆರೆಯಿತು. ಮತ್ತೆ ಮುಚ್ಚಿದಳು, ಮತ್ತೆ ತೆರೆದಳು. ಯಾರೂ ನಗಲಿಲ್ಲ.

"ಇನ್ನೊಂದ್ಸಲ ನೋಡಿ ಬೇಕಾದ್ರೆ," ಎಂದಳು ಕಲಿಸುವಾಕೆ ಮೆಲ್ಲಗೆ.

"ಸಾಕು." ಅಮ್ಮ ಮಗಳ ಕಡೆ ತಿರುಗಿದಳು. "ಹೋಗು, ಸಹಿ ಹಾಕು. ಸಂಜೆ ಹೇಳಿದ ಹೊತ್ತಿಗೆ ಒಂದು ದಿನ ಬರ್ಲಿಲ್ಲ ಅಂದ್ರೂ, ಇಸ್ತ್ರಿ ಪೆಟ್ಟಿಗೆ ಹಿಡ್ಕೊಂಡೇ ಇಲ್ಲಿಗೆ ಬರ್ತೀನಿ!"

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಹೆದರಿಕೆಯಿದ್ದರೆ ಹೆದರಿಕೊಂಡೇ ಹೋಗಿ. ಜಾಗ ನೋಡಿ, ಗಟ್ಟಿಯಾಗಿ ಕೇಳಿ, ಬರೆಸಿಕೊಳ್ಳಿ. ಸರ್ಕಾರದ ಪುಕ್ಕಟೆ ತರಬೇತಿ ಯಾರ ಭಿಕ್ಷೆಯೂ ಅಲ್ಲ; ಸೋಪು ಕೊಂಡಾಗ, ಬೆಂಕಿಪೊಟ್ಟಣ ಕೊಂಡಾಗ ನೀವು ತೆತ್ತ ತೆರಿಗೆ ಅದು. ಮಕ್ಕಳನ್ನು ಕೂಡಿಹಾಕುವ ಕಳ್ಳರಿಗೆ ಹೆದರಿ, ನಾವೇ ಆ ಮಕ್ಕಳನ್ನು ಮನೆಯಲ್ಲಿ ಕೂಡಿಹಾಕುವುದು ಬೇಡ.