ಒಲೆ ಪಕ್ಕದ ಮಂಚ

ಡಲ್ಸಿ ಹೆತ್ತ ಕೂಸಿಗೆ ಆಸ್ಪತ್ರೆಯವರು ಅವಳನ್ನು ಕೇಳದೆ ಬಾಟಲಿ ಹಾಲು ಕುಡಿಸಿದರು. ಮನೆಗೆ ಹೊರಡುವಾಗ ಪುಡಿಹಾಲಿನ ಡಬ್ಬಿಯೊಂದನ್ನು ಪುಕ್ಕಟೆ ಕೊಟ್ಟರು.

ಈಗ ಕೂಸು ಮೊಲೆಗೆ ಬಾಯಿ ಹಚ್ಚಿದರೆ ಅತ್ತು ಮುಖ ತಿರುಗಿಸುತ್ತದೆ. ಡಲ್ಸಿಗೆ ನಿದ್ದೆಯಿಲ್ಲ.

"ನಿಂಗೆ ಹಾಲಿಲ್ಲ ಕಣೇ. ಡಬ್ಬಿ ಒಡಿ," ಎಂದಳು ಸೋದರತ್ತೆ ಲಿಯೋನಾ. "ನಾನೂ ನಿಮ್ಮಪ್ಪನೂ ಡಬ್ಬಿ ಹಾಲಲ್ಲೇ ಬೆಳೆದವರು. ದೋಣಿ ಎಳೆಯುವಾಗ ನೋಡಿದೀಯಲ್ಲ, ಎತ್ತು ಇದ್ದ ಹಾಗಿದಾನೆ!"

"ಬುದ್ಧೀನೂ ಎತ್ತಿಂದೇ ಅಂತಿದ್ದೆ ನೀನು," ಎಂದು ನಕ್ಕ ಅಪ್ಪ ಆಂಬ್ರೋಸ್.

ನ್ಯೂಫೌಂಡ್‌ಲ್ಯಾಂಡ್‌ನ ಆ ಕಡಲೂರಿನಲ್ಲಿ ಅಡುಗೆಮನೆಗೊಂದು ಮಂಚ ಇದ್ದೇ ಇರುತ್ತದೆ, ಒಲೆಗೆ ಆತು. ಮೀನು ಹಿಡಿದು ಬಂದ ಗಂಡಸು ಅಲ್ಲೇ ಉರುಳುತ್ತಾನೆ. ಅಳುವ ಕೂಸನ್ನು ಅವನ ಎದೆಯ ಮೇಲೆ ಹಾಕುವುದೂ ಅಲ್ಲಿನ ವಾಡಿಕೆ.

ಅಂದು ಮಂಜು ಕವಿಯಿತೆಂದು ಡಲ್ಸಿ ಕೂಸನ್ನು ಮಂಚದಲ್ಲಿದ್ದ ಅಪ್ಪನ ಎದೆಯ ಮೇಲೆ ಹಾಕಿ, ಒಣಹಾಕಿದ್ದ ಬಟ್ಟೆ ತರಲು ಹೊರಗೆ ಹೋದಳು. ಮರಳಿದಾಗ ಅಪ್ಪ ಗೊರಕೆ ಹೊಡೆಯುತ್ತಿದ್ದ. ಎದೆಯ ಮೇಲೆ ಕೂಸಿರಲಿಲ್ಲ.

ಅವನ ತೋಳಿಗೂ ದಿಂಬಿಗೂ ನಡುವೆ ಪುಟ್ಟ ಪಾದವೊಂದು ಕಾಣುತ್ತಿತ್ತು.

ಡಲ್ಸಿ ತೋಳು ಸರಿಸಿ ಕೂಸನ್ನು ಎಳೆದುಕೊಂಡಳು. ತುಟಿ ನೇರಳೆಗಟ್ಟಿತ್ತು. ಅಂಗಾಲು ತಟ್ಟಿದಳು. ಮತ್ತೆ ತಟ್ಟಿದಳು. ಒಲೆಯ ಮೇಲೆ ನೀರು ಕುದಿಯುವ ಸದ್ದೊಂದೇ.

ಕೂಸು ಕೆಮ್ಮಿತು. ಆಮೇಲೆ ಅತ್ತಿತು.

ವೈದ್ಯರು ನೋಡಿ ಕ್ಷೇಮವೆಂದ ಮೇಲೆ ಆರೋಗ್ಯ ಕೇಂದ್ರದ ದಾದಿ ವರ್ನಾ ಮನೆಗೆ ಬಂದಳು.

"ಏನೂ ಆಗಿಲ್ವಲ್ಲ," ಎಂದಳು ಲಿಯೋನಾ.

"ಆಗಿದ್ರೆ ಈಗ ನಾವು ಇಲ್ಲಿ ಕೂತು ಚಹಾ ಕುಡೀತಿರಲಿಲ್ಲ ಅಜ್ಜಿ. ಕೂಸಿಗೆ ಅದರದ್ದೇ ತೊಟ್ಟಿಲು ಬೇಕು, ತಾಯಿ ಇರೋ ಕೋಣೇಲೇ. ಗಟ್ಟಿ ಹಾಸಿಗೆ. ದಿಂಬು, ದುಪ್ಪಟಿ, ಗೊಂಬೆ ಒಂದೂ ಬೇಡ. ಪ್ರತಿ ಸಲವೂ ಅಂಗಾತ."

"ಅಂಗಾತ ಮಲಗಿಸಿದ್ರೆ ಕಕ್ಕಿದ್ದು ಗಂಟಲಿಗೆ ಸಿಕ್ಕತ್ತೆ!"

"ಇಲ್ಲ. ಹಾಗೆ ಮಲಗಿದಾಗ ಉಸಿರಿನ ದಾರಿ ಮೇಲಿರತ್ತೆ, ಕಕ್ಕಿದ್ದು ಕೆಳಗಿರೋ ಅನ್ನದ ದಾರೀಲೇ ಉಳಿಯತ್ತೆ. ಬೋರಲು ಹಾಕಿದ್ರೇ ಅಪಾಯ."

ಡಲ್ಸಿ ಪುಡಿಹಾಲಿನ ಡಬ್ಬಿಯತ್ತ ನೋಡಿದಳು. "ಹಾಲು?"

"ಕೂಸನ್ನ ಬರಿಮೈಲಿ ಎದೆಗೆ ಆನಿಸ್ಕೊ. ಎಷ್ಟು ಚೀಪತ್ತೋ ಅಷ್ಟು ಬರತ್ತೆ. ಅದು ಬಾಯ್ತುಂಬ ಮೊಲೆ ಹಿಡಿಯೋದು ಹೇಗೆ ಅಂತ ನಾನು ಪಕ್ಕದಲ್ಲಿ ಕೂತು ತೋರಿಸ್ತೀನಿ. ತೂಕ ಏರೋದನ್ನೂ ನೋಡ್ತೀನಿ."

"ಇದನ್ನ ಆಸ್ಪತ್ರೇಲಿ ಯಾರೂ ಹೇಳಲಿಲ್ಲ."

"ಹೇಳೋದು ಅವರ ಕೆಲಸ. ಕೇಳೋದು ನಿನ್ನ ಹಕ್ಕು."

ಮೂಲೆಯಲ್ಲಿ ಆಂಬ್ರೋಸ್ ತನ್ನ ತೋಳನ್ನೇ ನೋಡುತ್ತ ಕುಳಿತಿದ್ದ.

ತಾಯಂದಿರೇ, ಹೆರಿಗೆಗೆ ಮುಂಚೆಯೇ ಆಸ್ಪತ್ರೆಯವರಿಗೆ ಹೇಳಿ: ಹುಟ್ಟಿದ ಕೂಸು ಮೊದಲು ನನ್ನ ಎದೆಗೆ ಬರಲಿ, ನನ್ನನ್ನು ಕೇಳದೆ ಬಾಟಲಿ ಬೇಡ. ಅಪ್ಪಂದಿರೇ, ಅಜ್ಜಂದಿರೇ, ಎತ್ತಿ ಆಡಿಸಿ. ನಿಮಗೆ ಕಣ್ಣೆಳೆದರೆ ಕೂಸನ್ನು ತೊಟ್ಟಿಲಿಗೆ ಹಾಕಿ. "ನಾವೆಲ್ಲ ಹಾಗೇ ಬೆಳೆದಿಲ್ವಾ?" ಎನ್ನುವವರು ನಿಮ್ಮ ಮನೆಯಲ್ಲೂ ಇದ್ದಾರೆ. ಅವರಿಗೆ ಆಂಬ್ರೋಸ್ ಕೊನೆಗೆ ತನ್ನ ಅಕ್ಕನಿಗೆ ಕೊಟ್ಟ ಉತ್ತರವನ್ನೇ ಕೊಡಿ.

ಮರುದಿನ ಡಲ್ಸಿ ಹಾಲೂಡಿಸಿ ಮುಗಿಸಿದರೂ ಕೂಸು ರಂಪ ಮಾಡುತ್ತಿತ್ತು. ಲಿಯೋನಾ ಮಂಚ ತಟ್ಟಿದಳು. "ಆಂಬ್ರೋಸ್, ಎದೆ ಮೇಲೆ ಹಾಕ್ಕೊಂಡು ಒಂದು ಗಳಿಗೆ ಅಡ್ಡಾಗೋ. ಈ ಹುಡುಗಿ ಒಂದಿಷ್ಟು ನಿದ್ದೆ ಮಾಡ್ಲಿ."

ಆಂಬ್ರೋಸ್ ಕೂಸನ್ನು ಎತ್ತಿಕೊಂಡ. ಕೂರಲಿಲ್ಲ.

"ಅಡ್ಡಾಗು ಅಂದ್ನಲ್ಲೋ!"

"ಆಗಲ್ಲ ಅಕ್ಕ. ನಿಂತೇ ಇರ್ತೀನಿ."